ಕರಡಿಕಲ್ಲಿನ ಬೆಲ್ಲ: ದರೋಜಿ ವೀಕ್ಷಣಾ ಗೋಪುರದ ಬಗ್ಗೆ ಬೆಲ್ಲದ ವ್ಯಾಪಾರಿಯೊಬ್ಬನ ಅಭಿಪ್ರಾಯ

ದರೋಜಿ ಕರಡಿಧಾಮಕ್ಕೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಮಾತು: ಕರಡಿ ಕಂಡಿತೇ? ಉತ್ತರವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಕಾಣುತ್ತದೆ. ನಾನು ಹೋದಾಗಲೆಲ್ಲ ಕಂಡಿದೆ. ಬೇರೆ ಕಾಡುಗಳಲ್ಲಿ ಜೀಪಿನಲ್ಲಿ ಕುಳಿತು ಬೆನ್ನು ನೋಯಿಸಿಕೊಂಡು, ಪೊದೆಯೊಳಗೆ ಮಾಯವಾಗುವ ಕಪ್ಪು ಹಿಂಭಾಗವನ್ನಷ್ಟೇ ನೋಡಿ ಬಂದವರಿಗೆ ಇಲ್ಲಿ ಮುಖ, ಮೂತಿ, ಎದೆಯ ಮೇಲಿನ ಬಿಳಿ ಗುರುತು, ಅದೃಷ್ಟವಿದ್ದರೆ ಬೆನ್ನ ಮೇಲಿನ ಮರಿಗಳು, ಎಲ್ಲವೂ ಸಿಗುತ್ತವೆ. ಕರಡಿ ಕಾಣುವುದೊಂದೇ ನಿಮ್ಮ ಲೆಕ್ಕವಾದರೆ ಐದಕ್ಕೆ ಐದು ಅಂಕ ಕೊಟ್ಟು, ಮುಂದಿನದನ್ನು ಓದದೆ ಹೊರಟುಬಿಡಿ.

ನನ್ನ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕರಡಿ ಬರುವುದು ನಮ್ಮ ಪುಣ್ಯದಿಂದಲ್ಲ, ಬೆಲ್ಲದಿಂದ. ಗೋಪುರದ ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬೆಲ್ಲದ ಪಾಕ ಬಳಿದು ಇಳಿಯುತ್ತಾರೆ. ಅದರ ವಾಸನೆಗೆ ಕರಡಿಗಳು ಗವಿ ಬಿಟ್ಟು ಹೊರಬರುತ್ತವೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದ ದಲಾಲಿ ಅಂಗಡಿ. ಬೆಳಗಾದರೆ ಪೆಂಟೆ, ಅಂದರೆ ಬೆಲ್ಲದ ಗಟ್ಟಿ, ಒಡೆದು, ಒಳಗಿನ ಹರಳು ನೋಡಿ, ಚೂರನ್ನು ನಾಲಗೆಗೆ ಹಚ್ಚಿ ಸವಾಲು ಕೂಗುವವರು ನಾವು. ಗಿರಾಕಿ ಬಂದನೇ ಎನ್ನುವುದಷ್ಟೇ ವ್ಯಾಪಾರವಲ್ಲ. ಯಾವ ಹೊತ್ತಿಗೆ ಬಂದ, ಎಷ್ಟು ಒಯ್ದ, ಬೇರೆ ಅಂಗಡಿಗೂ ಹೋಗುತ್ತಾನೋ ಇಲ್ಲವೋ, ನಾಳೆ ನಾವು ಬಾಗಿಲು ಹಾಕಿದರೆ ಅವನ ಗತಿಯೇನು, ಇಷ್ಟೂ ಗೊತ್ತಾದರೆ ಮಾತ್ರ ಅಂಗಡಿ ಹೇಗೆ ನಡೆಯುತ್ತಿದೆ ಎಂದು ಹೇಳಬಹುದು. ದರೋಜಿಯ ಬಂಡೆಯನ್ನೂ ಅದೇ ಕಣ್ಣಿನಿಂದ ನೋಡಿದ್ದೇನೆ. ನಾನು ಬರೆಯುತ್ತಿರುವುದು ಕರಡಿಯ ವಿಮರ್ಶೆಯಲ್ಲ, ಬೆಲ್ಲದ ವಿಮರ್ಶೆ.

ಹೊಸಬರಿಗಾಗಿ ಒಂದಿಷ್ಟು ವಿವರ. ದರೋಜಿ ಕರಡಿಧಾಮ ಘೋಷಣೆಯಾದದ್ದು 1994ರಲ್ಲಿ. ಹಂಪಿಯಿಂದ ಸುಮಾರು 15 ಕಿಲೋಮೀಟರ್. ಕಮಲಾಪುರ ದಾಟಿ ಹೋಗಬೇಕು. ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು, ನಡುನಡುವೆ ಕವಳೆ, ಬಾರೆ, ಬಂದರಿಕೆಯ ಕುರುಚಲು. ಹಗಲೆಲ್ಲ ಕರಡಿಗಳು ಬಂಡೆಗಳ ಸಂದಿನ ಗವಿಗಳಲ್ಲಿ ಬಿದ್ದುಕೊಂಡಿರುತ್ತವೆ. ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ನಂತರ ಮಾತ್ರ, ಸಂಜೆ ಆರಕ್ಕೆ ಹೊರಗಿರಬೇಕು. ವಾಹನದಲ್ಲಿ ಗೋಪುರದವರೆಗೆ ಹೋಗಬಹುದು. ಮೆಟ್ಟಿಲು ಹತ್ತಿ ಕುಳಿತರೆ ಎದುರಿಗೇ ಗುಡ್ಡ. ಮುಂದಿನದೆಲ್ಲ ಕಾಯುವ ಕೆಲಸ.

ಈಗ ಬೆಲ್ಲಕ್ಕೆ ಬರೋಣ. ದುರ್ಬೀನಿನಲ್ಲಿ ನೋಡಿದರೆ ಬಳಿದ ಪಟ್ಟೆಗಳು ಗಾಢ ಕಂದು ಬಣ್ಣದವು. ನನಗೆ ಸಮಾಧಾನವಾದದ್ದು ಇದರಿಂದಲೇ. ನಮ್ಮ ಗಿರಾಕಿಗಳಿಗೆ ಬೆಲ್ಲ ಹಳದಿಯಾಗಿ ಹೊಳೆಯಬೇಕು. ಅದಕ್ಕಾಗಿ ಆಲೆಮನೆಯವರು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಬಣ್ಣ ತಿಳಿಮಾಡುವ ರಾಸಾಯನಿಕ ಸುರಿಯುತ್ತಾರೆ, ನಾವೂ ಬಣ್ಣ ನೋಡಿ ನೂರು ರೂಪಾಯಿ ಹೆಚ್ಚು ಕೂಗುತ್ತೇವೆ. ಕರಡಿಗೆ ಈ ರೋಗವಿಲ್ಲ. ಅದರ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ, ಇರುವುದೆಲ್ಲ ಮೂಗು. ನೆಲದೊಳಗೆ ಮೂರು ಅಡಿ ಆಳದಲ್ಲಿರುವ ಹುಳುವನ್ನು ಮೂಸಿ ಪತ್ತೆ ಹಚ್ಚುವ ಪ್ರಾಣಿಗೆ ಬಣ್ಣದಿಂದ ಆಗಬೇಕಾದದ್ದೇನೂ ಇಲ್ಲ. ಕಂದು ಬೆಲ್ಲಕ್ಕೆ ವಾಸನೆ ಜಾಸ್ತಿ, ದರ ಕಡಿಮೆ. ಖರೀದಿ ನನ್ನ ಕೈಯಲ್ಲಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ.

ಬಳಿಯುವ ರೀತಿಯೂ ಮುಖ್ಯ. ಮುದ್ದೆ ಮಾಡಿ ಇಡುವುದು ಬೇರೆ, ತೆಳುವಾಗಿ ಹಚ್ಚುವುದು ಬೇರೆ. ಮುದ್ದೆ ಇಟ್ಟರೆ ಮೊದಲು ಬಂದ ಗಟ್ಟಿ ಕರಡಿ ಒಂದೇ ಬಾಯಿಗೆ ಮುಗಿಸಿ ಹೋಗುತ್ತದೆ. ಗೋಪುರದ ಮೇಲಿದ್ದವರಿಗೆ ಎರಡು ನಿಮಿಷದ ಆಟ. ತೆಳುವಾಗಿ, ಬಿರುಕುಗಳ ಒಳಗೆ, ನಾಲ್ಕಾರು ಬಂಡೆಗಳ ಮೇಲೆ ಹಂಚಿ ಬಳಿದರೆ ಕರಡಿ ದುಡಿಯಬೇಕಾಗುತ್ತದೆ. ಮೂತಿಯನ್ನು ಬಿರುಕಿಗೆ ಒತ್ತಿ, ನಾಲಗೆ ಚಾಚಿ, ಒಂದು ಗೇಣು ಮುಂದೆ ಸರಿದು, ಮತ್ತೆ ನೆಕ್ಕಿ, ಹೊಟ್ಟೆಗೆ ಹೋಗುವುದು ಚಿಟಿಕೆಯಷ್ಟು. ನೂರು ಕಿಲೋ ತೂಗಬಲ್ಲ ಪ್ರಾಣಿಗೆ ಅದು ಊಟವಲ್ಲ, ಬಾಯಿ ಸಿಹಿ ಮಾಡಿಕೊಳ್ಳುವಷ್ಟು. ಕಲ್ಲಿಗೆ ಸವರಿದ ಬೆಲ್ಲ ಬಿಸಿಲಿಗೆ ಕರಗಿ ಸಂದುಗಳಿಗೆ ಇಳಿಯುತ್ತದೆ, ಕಾದ ಕಲ್ಲಿನಿಂದ ವಾಸನೆ ಬೇಗ ಏಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಳಿಯುವುದರ ಲಾಭ ಇದು. ಮಳೆಗಾಲದಲ್ಲಿ ಕಥೆ ಬೇರೆ: ಬೆಲ್ಲ ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಒಂದು ಸೋನೆ ಬಂದರೆ ಕಲ್ಲು ತೊಳೆದುಹೋಗುತ್ತದೆ. ನಮ್ಮ ಗೋದಾಮಿನಲ್ಲೇ ಆಷಾಢದಲ್ಲಿ ಪೆಂಟೆಗಳು ಬೆವರುತ್ತವೆ, ಇನ್ನು ಬಯಲಿನ ಬಂಡೆಯ ಪಾಡೇನು.

ಕರಡಿಗಿಂತ ಮೊದಲು ಬರುವ ಗಿರಾಕಿಗಳೂ ಇದ್ದಾರೆ. ನವಿಲು, ಗೌಜಲಹಕ್ಕಿ, ಮೈತುಂಬ ಚುಕ್ಕೆಯ ಚಿಟ್ಟುಕೋಳಿ, ಮುಂಗುಸಿ, ಒಮ್ಮೊಮ್ಮೆ ಕಾಡುಹಂದಿ. ನನ್ನ ತಮ್ಮನ ಮಗ ದೊಡ್ಡ ಲೆನ್ಸ್ ಕ್ಯಾಮೆರಾ ಹೊತ್ತು ಬಂದಿದ್ದ. ಕರಡಿ ಬರುವ ಮೊದಲೇ ಅವನ ಅರ್ಧ ಬ್ಯಾಟರಿ ಚಿಟ್ಟುಕೋಳಿಗೆ ಖರ್ಚಾಗಿತ್ತು. "ಕಾಕಾ, ಇದು ಕರಡಿಗಿಂತ ಅಪರೂಪ" ಎಂದ. ಇರಬಹುದು. ಹಕ್ಕಿ ನೋಡುವವರಿಗೆ ದರೋಜಿ ಎಂದರೆ ಚಿಟ್ಟುಕೋಳಿ ಮತ್ತು ಹಳದಿ ಕತ್ತಿನ ಪಿಕಳಾರ, ಕರಡಿ ಎಂದರೆ ಬೋನಸ್ಸು. ನಾನು ಮಾತ್ರ ಮುಂಗುಸಿ ಕದಿಯುತ್ತಿದ್ದ ಬೆಲ್ಲವನ್ನೇ ನೋಡುತ್ತಿದ್ದೆ. ಬೇಲಿಯಿಲ್ಲದ ಅಂಗಡಿಯಲ್ಲಿ ಇಷ್ಟು ಸೋರಿಕೆ ಸಹಜ.

ಕೊನೆಗೆ ಕರಡಿ. ಬಂಡೆಯ ನೆರಳೇ ಅಲುಗಿದ ಹಾಗೆ ಕಂಡಿತು. ಆಮೇಲೆ ಬೂದು ಮೂತಿ, ಕೆದರಿದ ಕೂದಲು. ಹೆಣ್ಣು. ಬೆನ್ನ ಮೇಲೆ ಎರಡು ಮರಿಗಳು, ಭುಜದ ಉದ್ದ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಅಂಟಿಕೊಂಡಿದ್ದವು. ಕರಡಿಗಳಲ್ಲಿ ಮರಿಯನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದನ್ನು ರೂಢಿ ಮಾಡಿಕೊಂಡಿರುವುದು ನಮ್ಮ ದೇಶದ ಈ ಕರಡಿಯೇ. ತಾಯಿ ನೇರವಾಗಿ ಬೆಲ್ಲಕ್ಕೆ ಇಳಿಯಲಿಲ್ಲ. ಬಂಡೆಯ ಅಂಚಿನಲ್ಲಿ ನಿಂತು ಗಾಳಿ ಮೂಸಿತು, ತಲೆ ತಿರುಗಿಸಿ ಇನ್ನೊಂದು ದಿಕ್ಕಿನ ಗಾಳಿ ಮೂಸಿತು, ಎರಡು ಹೆಜ್ಜೆ ಇಟ್ಟು ಮತ್ತೆ ನಿಂತಿತು. ಆಮೇಲೆ ಎಲ್ಲಕ್ಕಿಂತ ಕೆಳಗಿನ ಬಂಡೆಯನ್ನು ಆರಿಸಿಕೊಂಡಿತು. ಒಂದು ಮರಿ ಇಳಿದು ತಾಯಿಯ ಗಲ್ಲದ ಕೆಳಗೆ ಮೂತಿ ತೂರಿಸಿ ನೆಕ್ಕತೊಡಗಿತು. ಇನ್ನೊಂದು ಇಳಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ದಪ್ಪ ಕತ್ತಿನ ಗಂಡು ಬಂತು. ತಾಯಿ ತಲೆ ಎತ್ತಿದ್ದೇ ತಡ, ಕೆಳಗಿದ್ದ ಮರಿ ಹಿಂಗಾಲಿನ ಮೇಲೇರಿ ಬೆನ್ನು ಸೇರಿತು. ಮೂರೂ ಪೊದೆಯೊಳಗೆ ಹೋದವು. ಗಂಡು ಮೇಲಿನ ಬಂಡೆಯಲ್ಲೇ ನೆಕ್ಕುತ್ತ ನಿಂತಿತು, ಅಟ್ಟಿಸಿಕೊಂಡು ಹೋಗಲಿಲ್ಲ.

ಬೆಲ್ಲವನ್ನು ಹಂಚಿ ಬಳಿಯುವುದು ಏಕೆ ಮುಖ್ಯ ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಂದೇ ಜಾಗದಲ್ಲಿ ಇಟ್ಟಿದ್ದರೆ ಮರಿಗಳಿರುವ ತಾಯಿಗೆ ಪಾಲೇ ಸಿಗುತ್ತಿರಲಿಲ್ಲ, ಸಿಕ್ಕಿದರೂ ಜಗಳದ ಜೊತೆಗೆ ಸಿಗುತ್ತಿತ್ತು. ಒಂಟಿಯಾಗಿ ಓಡಾಡುವ ಪ್ರಾಣಿಗಳನ್ನು ಒಂದೇ ಗುಡ್ಡಕ್ಕೆ ಕರೆದಾಗ ಅವುಗಳ ನಡುವೆ ಅಂತರ ಉಳಿಸಿಕೊಡುವುದು ಕರೆದವರ ಜವಾಬ್ದಾರಿ. ನಾನು ನೋಡಿದ ಮಟ್ಟಿಗೆ ಆ ಅಂತರ ಇತ್ತು.

ನನ್ನ ಅಕ್ಕನ ಮಗ ಅಮೆರಿಕದ ಮೇನ್ ರಾಜ್ಯದಲ್ಲಿದ್ದಾನೆ. ಅಲ್ಲಿಯೂ ಕರಡಿಗೆ ಸಿಹಿ ಇಡುತ್ತಾರೆ, ಆದರೆ ನೋಡುವುದಕ್ಕಲ್ಲ, ಹೊಡೆಯುವುದಕ್ಕೆ. ಹಳಸಿದ ಡೋನಟ್, ಬ್ರೆಡ್ಡು, ಕಾಕಂಬಿ, ಕರಿದ ಎಣ್ಣೆ, ಇವನ್ನೆಲ್ಲ ಪೀಪಾಯಿಗೆ ತುಂಬಿ ಕಾಡಿನಲ್ಲಿಟ್ಟು, ಕರಿ ಕರಡಿ ತಿನ್ನಲು ಬಂದಾಗ ಮಚಾನಿನಿಂದ ಗುಂಡು ಹಾರಿಸುತ್ತಾರೆ. ಇದನ್ನು ನಿಲ್ಲಿಸಬೇಕೆಂದು 2004ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಜನಮತಕ್ಕೆ ಹಾಕಿದರು. ಎರಡು ಸಲವೂ ನಿಷೇಧದ ಪ್ರಸ್ತಾಪ ಬಿದ್ದುಹೋಯಿತು. ಬೇಟೆಯ ಮಾತು ಹಾಗಿರಲಿ, ಸಿಹಿ ಇಟ್ಟ ಜಾಗ ಫಲಿಸುತ್ತಿದೆಯೇ ಎಂದು ಅಲ್ಲಿನವರು ನೋಡುವ ಬಗೆ ಮಾತ್ರ ಕಲಿಯುವಂಥದ್ದು. ಪೀಪಾಯಿ ಖಾಲಿಯಾಯಿತು ಎಂದಷ್ಟಕ್ಕೇ ಅವರು ಹಿಗ್ಗುವುದಿಲ್ಲ, ರಕೂನು ಎಂಬ ಸಣ್ಣ ಪ್ರಾಣಿ ತಿಂದಿರಬಹುದು. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಗಂಟೆ ನೋಡುತ್ತಾರೆ. ಕರಡಿ ಬೆಳಕಿರುವಾಗ ಬಂದರೆ ಜಾಗ ಚೆನ್ನಾಗಿದೆ ಎಂದರ್ಥ. ಬರೀ ರಾತ್ರಿ ಬರುತ್ತಿದ್ದರೆ ಸಿಹಿ ಹಿಡಿಸಿದೆ, ಆದರೆ ಮನುಷ್ಯನ ವಾಸನೆಯೋ ಓಡಾಟವೋ ಅದಕ್ಕೆ ಹಿಡಿಸಿಲ್ಲ. ಒಂದೇ ದೊಡ್ಡ ಗಂಡು ಜಾಗ ಹಿಡಿದಿದ್ದರೆ ಬೇರೆಯವು ಹತ್ತಿರ ಸುಳಿಯುವುದಿಲ್ಲ. ಹೆಣ್ಣು ಮರಿಗಳೊಂದಿಗೆ ಬರುತ್ತಿದೆಯೇ ಎಂದೂ ನೋಡುತ್ತಾರೆ.

ಈ ಮಾಪನದಿಂದ ಅಳೆದರೆ ದರೋಜಿ ಮೊದಲ ದರ್ಜೆಯದು. ಕತ್ತಲಿಳಿಯುವ ಹೊತ್ತಿಗೆ ಹೊರಬೀಳಬೇಕಾದ ಕರಡಿ ಇಲ್ಲಿ ಬಿಸಿಲಿರುವಾಗಲೇ ಬಂದು ನಿಲ್ಲುತ್ತದೆ. ತಾಯಿ ಬರುತ್ತದೆ, ಗಂಡು ಬರುತ್ತದೆ, ಒಂದು ಹೋದ ಮೇಲೆ ಇನ್ನೊಂದು ಬರುತ್ತದೆ. ಗೋಪುರದಲ್ಲಿ ಜನರಿದ್ದಾರೆ ಎಂಬುದು ಅವುಗಳಿಗೆ ಗೊತ್ತಿದ್ದೂ ಬರುತ್ತವೆ. ಪ್ರವಾಸಿಗನಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ನನಗೆ ಬೇಕಿತ್ತು. ಗಿರಾಕಿ ಹೊತ್ತಲ್ಲದ ಹೊತ್ತಿನಲ್ಲಿ ದಿನವೂ ಬಂದು ಒಂದೇ ಅಂಗಡಿಯ ಮುಂದೆ ನಿಂತರೆ ವ್ಯಾಪಾರಿ ಖುಷಿಪಡುತ್ತಾನೆ, ಅವನ ಮನೆಯವರು ಚಿಂತೆಗೆ ಬೀಳುತ್ತಾರೆ. ಕರಡಿ ತನ್ನ ಹೊತ್ತು ಬಿಟ್ಟು ನಮ್ಮ ಹೊತ್ತಿಗೆ ಬರುತ್ತಿದೆ ಎಂದರೆ ಬೆಲ್ಲ ಗೆದ್ದಿದೆ. ಎಷ್ಟರಮಟ್ಟಿಗೆ ಗೆದ್ದಿದೆ? ಕರಡಿ ತನ್ನ ಕಸುಬನ್ನೇ ಮರೆಯುವಷ್ಟೇ?

ಇದಕ್ಕೆ ಉತ್ತರ ಬಂಡೆಯ ಮೇಲೆ ಸಿಗುವುದಿಲ್ಲ, ಬಂಡೆ ಬಿಟ್ಟ ಮೇಲೆ ಸಿಗುತ್ತದೆ. ಬಹಳ ಜನ ಕರಡಿ ಬೆಲ್ಲ ಮುಗಿಸಿ ತಿರುಗಿದ ಕೂಡಲೇ ಕ್ಯಾಮೆರಾ ಕೆಳಗಿಟ್ಟು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾರೆ. ನೋಡಬೇಕಾದದ್ದು ಆಗಲೇ. ನಾನು ಹೇಳಿದ ಆ ಗಂಡು ಬೆಲ್ಲದ ಬಂಡೆಯ ಮೇಲೆ ಇದ್ದದ್ದು ಕೆಲವೇ ನಿಮಿಷ. ಆಮೇಲೆ ಇಳಿಜಾರಿನಲ್ಲಿ ಕೆಳಗಿಳಿದು ಒಂದು ಹುತ್ತದ ಬುಡಕ್ಕೆ ಬಂತು. ಬಂಡೆಯ ಮೇಲೆ ಸದ್ದಿಲ್ಲದೆ ನೆಕ್ಕುತ್ತಿದ್ದ ಅದೇ ಪ್ರಾಣಿ ಇಲ್ಲಿ ಬೇರೆಯೇ ಆಯಿತು. ಮುಂಗಾಲಿನ ಉಗುರುಗಳು ಏಳೆಂಟು ಸೆಂಟಿಮೀಟರ್ ಉದ್ದ, ಕೊಕ್ಕೆಯಂತೆ ಬಾಗಿದವು. ನಾಲ್ಕು ಎಳೆತಕ್ಕೆ ಹುತ್ತದ ಪಕ್ಕೆ ಒಡೆಯಿತು. ಮೂತಿ ಒಳಗಿಟ್ಟು ಮೊದಲು ಜೋರಾಗಿ ಊದಿ ಮಣ್ಣು ಹಾರಿಸಿತು, ಆಮೇಲೆ ಹೀರಿತು. ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆ ಮಾಡಿ ಹೀರುವ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದೂ ಅದಕ್ಕಾಗಿಯೇ; ಆ ಸಂದಿನಿಂದ ಗೆದ್ದಲು ನೇರ ಗಂಟಲಿಗೆ. ಆ ಸದ್ದು ನೂರೆಂಬತ್ತು ಮೀಟರ್ ಆಚೆಗೂ ಕೇಳುತ್ತದೆ ಎನ್ನುತ್ತಾರೆ. ಗೋಪುರದಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದ ಅಪರೂಪದ ಒಂದು ನಿಮಿಷದಲ್ಲಿ ನಮಗೂ ಕೇಳಿತು.

ಅಂದರೆ ಕರಡಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಊಟಕ್ಕೆ ಬೇರೆ ಕಡೆ ಹೋಗುತ್ತಿದೆ. ನನ್ನ ದೃಷ್ಟಿಯಲ್ಲಿ ದರೋಜಿಯ ಬಂಡೆ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನಲು ಇದೇ ದೊಡ್ಡ ಆಧಾರ. ಬಂಡೆಯ ಮೇಲೆ ಎಷ್ಟು ಕರಡಿಗಳು ಬಂದವು ಎಂಬ ಲೆಕ್ಕಕ್ಕಿಂತ ಬಂಡೆ ಬಿಟ್ಟು ಎಷ್ಟು ಬೇಗ ಹೋದವು, ಹೋಗಿ ಏನು ಮಾಡಿದವು ಎಂಬ ಲೆಕ್ಕಕ್ಕೆ ಹೆಚ್ಚು ಬೆಲೆ. ನೆಕ್ಕಿ ಮುಗಿದ ಮೇಲೂ ಅಲ್ಲೇ ಕುಳಿತು ಮುಂದಿನ ಪಾಕಕ್ಕಾಗಿ ಗೋಪುರದ ಕಡೆ ನೋಡುವ ಕರಡಿ ಕಂಡರೆ, ಅಂದು ನಾನು ಈ ಬರಹವನ್ನು ತಿದ್ದಿ ಅಂಕ ಕಡಿಮೆ ಮಾಡುತ್ತೇನೆ.

ಇನ್ನೊಂದು ಆಧಾರ ಹೊಲಸಿನದು. ಊಟ ಮಾಡುತ್ತ ಓದುತ್ತಿರುವವರು ಈ ಭಾಗ ದಾಟಿ ಹೋಗಿ. ಕರಡಿಧಾಮದ ಹೊರಗೆ ಪರಿಚಯದವರೊಬ್ಬರ ಬಾಳೆ ತೋಟವಿದೆ. ಅವರ ಬದುವಿನ ಮೇಲೆ ಕರಡಿಯ ಮಲ ಬಿದ್ದಿತ್ತು. ಕೋಲಿನಿಂದ ಕೆದಕಿದರೆ ಬಾರೆ ಹಣ್ಣಿನ ಬೀಜ, ಗೆದ್ದಲ ತಲೆಗಳು, ಮಣ್ಣು. ಅದರ ನಡುವೆ ಅರೆಯದ ಮೆಕ್ಕೆಜೋಳದ ಕಾಳು. ಕಾಡಿನ ಊಟ ಇನ್ನೂ ನಡೆದಿದೆ, ಹೊಲದ ಊಟವೂ ನಡೆದಿದೆ.

"ಬೆಲ್ಲ ಕೊಟ್ಟರೂ ಇಲ್ಲಿಗೇಕೆ ಬರುತ್ತವೆ?" ಎಂದು ಕೇಳಿದೆ.

ಅವರು ನಕ್ಕರು. "ಸಾಹುಕಾರರೇ, ನಿಮ್ಮ ಮನೆಗೆ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುತ್ತೀರಿ. ಅಷ್ಟಕ್ಕೇ ಅವರು ಊಟ ಬಿಡುತ್ತಾರೆಯೇ?"

ಉತ್ತರ ಕರ್ನಾಟಕದವನಿಗೆ ಇದಕ್ಕೆ ಮರುಮಾತು ಹೊಳೆಯುವುದಿಲ್ಲ.

ಬೆಲ್ಲ ಬಳಿಯುವುದರಿಂದ ಕರಡಿಗಳು ಗುಡ್ಡದಲ್ಲೇ ಉಳಿದು ಹೊಲಗಳಿಗೆ ಇಳಿಯುವುದು ತಪ್ಪುತ್ತದೆ ಎನ್ನುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ತುಂಗಭದ್ರೆಯ ಕಾಲುವೆ ನೀರು ಹರಿದ ಕಡೆಯೆಲ್ಲ ಕಬ್ಬು, ಬಾಳೆ. ಮಳೆಯಾಶ್ರಿತ ಕಡೆ ಶೇಂಗಾ, ಮೆಕ್ಕೆಜೋಳ. ಗುಡ್ಡದ ಮೇಲೆ ಒಂದು ಪೆಂಟೆ ಬೆಲ್ಲ, ಕೆಳಗೆ ಎಕರೆಗಟ್ಟಲೆ ಬೆಲ್ಲವಾಗಬಹುದಾದ ಬೆಳೆ. ಈ ಪೈಪೋಟಿಯಲ್ಲಿ ಬಂಡೆ ಸೋಲುವುದೇ ಸರಿ. ರೈತರ ಪಾಲಿಗೆ ಈ ಬೆಲ್ಲದಿಂದ ಆಗಿರುವ ಉಪಯೋಗವನ್ನು ನನ್ನಿಂದ ತೋರಿಸಲಾಗದು. ನಸುಕಿನಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋಗುವವರು ಎದುರುಗೊಳ್ಳುವುದು ಮರಿಗಳಿರುವ ತಾಯಿಯನ್ನು. ಹತ್ತಿರದಿಂದ ಬೆಚ್ಚಿಬಿದ್ದ ಕರಡಿ ಓಡುವುದಕ್ಕಿಂತ ಮೈಮೇಲೆ ಬೀಳುವುದೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕರಡಿಗೆ ರಕ್ಷಣೆಯಿದೆ, ಇರಬೇಕಾದದ್ದೇ. ಆದರೆ ಗೋಪುರದಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ತಿರುಗಿ ಹೋಗುವಾಗ ಆ ತೋಟಗಳ ನಡುವಿನ ದಾರಿಯಲ್ಲೇ ಹೋಗುತ್ತಾರೆ. ಒಂದು ಗಳಿಗೆ ಗಾಡಿ ನಿಲ್ಲಿಸಿ ಮಾತನಾಡಿಸಿದರೆ ವಿಮರ್ಶೆಯ ಇನ್ನರ್ಧ ಸಿಗುತ್ತದೆ.

ಕೊನೆಯ ಪರೀಕ್ಷೆ: ಅಂಗಡಿ ಮುಚ್ಚಿದರೆ? ಇದಕ್ಕೆ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಕಥೆ ನೆನಪಾಗುತ್ತದೆ. ಅಲ್ಲಿ ಒಂದು ಕಾಲದಲ್ಲಿ ಹೋಟೆಲುಗಳ ಎಂಜಲನ್ನು ಗುಡ್ಡೆ ಹಾಕಿ, ಸುತ್ತ ಬೆಂಚು ಹಾಕಿ, ಗ್ರಿಜ್ಲಿ ಕರಡಿಗಳು ತಿನ್ನುವುದನ್ನು ಜನರಿಗೆ ತೋರಿಸುತ್ತಿದ್ದರು. 1940ರ ದಶಕದಲ್ಲಿ ಆ ಪ್ರದರ್ಶನ ನಿಂತಿತು. ಆದರೂ ಕಸದ ಗುಂಡಿಗಳು ಉಳಿದವು, ಕರಡಿಗಳು ಅವನ್ನೇ ನಂಬಿದವು. 1970ರ ಆಸುಪಾಸಿನಲ್ಲಿ ಗುಂಡಿಗಳನ್ನೂ ಮುಚ್ಚಿದಾಗ ಅವು ಪ್ರವಾಸಿಗರ ಡೇರೆಗಳಿಗೂ ಊರುಗಳಿಗೂ ನುಗ್ಗಿದವು, ಬಹಳಷ್ಟು ಸತ್ತವು. 1975ರಲ್ಲಿ ಗ್ರಿಜ್ಲಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಅಲ್ಲಿ ಹೊಟ್ಟೆ ತುಂಬ ಹಾಕಿ ಕೈ ತೊಳೆದುಕೊಂಡರು. ದರೋಜಿಯಲ್ಲಿ ಹಾಕುವುದು ಬಾಯಿ ಸಿಹಿಯಷ್ಟೇ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುತ್ತೇನೆ. ಆದರೆ ತೂಕದ ಕಲ್ಲು ಮಾತ್ರ ಅದೇ ಇರಲಿ: ಪ್ರವಾಸಿಗರು ಹೆಚ್ಚಿದರು ಎಂದು ಬೆಲ್ಲ ಹೆಚ್ಚಬಾರದು. ಜನ ದುಪ್ಪಟ್ಟಾದರೆ ಕುರ್ಚಿ ದುಪ್ಪಟ್ಟು ಮಾಡಲಿ, ಪಾಕವನ್ನಲ್ಲ. ವಾರದಲ್ಲಿ ಒಂದೆರಡು ದಿನ ಬಳಿಯದೆ ಬಿಟ್ಟು ಕರಡಿಗಳು ಏನು ಮಾಡುತ್ತವೆ ಎಂದು ನೋಡುವುದೂ ಒಳ್ಳೆಯದು. ಆ ದಿನ ಟಿಕೆಟ್ ದರ ಅರ್ಧ ಮಾಡಿದರೆ ಗೋಪುರದಲ್ಲಿ ಗಲಾಟೆಯೂ ಕಡಿಮೆಯಾದೀತು.

ಗಲಾಟೆ ಎಂದ ಮೇಲೆ ನಮ್ಮ ಜನರ ಬಗ್ಗೆ ಹೇಳದೆ ಇರಲಾರೆ. ಹಂಪಿಯಲ್ಲಿ ಗುಡಿ ಸುತ್ತಿ ಸುಸ್ತಾದವರು ಸಂಜೆಯ ಮನರಂಜನೆಗೆಂದು ಇಲ್ಲಿಗೆ ಬರುತ್ತಾರೆ. ಹದಿನೈದು ನಿಮಿಷ ಕರಡಿ ಕಾಣದಿದ್ದರೆ "ಎಲ್ಲಿ ಸ್ವಾಮಿ ನಿಮ್ಮ ಕರಡಿ?" ಎಂದು ಸಿಬ್ಬಂದಿಯನ್ನು ದಬಾಯಿಸುತ್ತಾರೆ, ಅವರೇನೋ ಗಂಟು ಕಟ್ಟಿ ಒಳಗೆ ಬಚ್ಚಿಟ್ಟಂತೆ. ಒಬ್ಬ ಮಹಾನುಭಾವ ಮೊಬೈಲಿನಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಹಚ್ಚಿಕೊಂಡಿದ್ದ. ಇನ್ನೊಬ್ಬರು ಕರಡಿಯನ್ನು ಕರೆಯಲು ಸಿಳ್ಳೆ ಹಾಕಿದರು. ನಮ್ಮನ್ನು ಕರೆತಂದ ಬಾಡಿಗೆ ಕಾರಿನ ಚಾಲಕನಂತೂ ಐದು ಗಂಟೆಗೇ ಕೆಳಗಿನಿಂದ ಹಾರ್ನ್ ಹೊಡೆಯತೊಡಗಿದ, ಅವನಿಗೆ ಇನ್ನೊಂದು ಬಾಡಿಗೆ ಇತ್ತಂತೆ. ಮಾತಾಡಿದ ದುಡ್ಡಿನಲ್ಲಿ ಆರು ಗಂಟೆಯವರೆಗೆ ಎಂದು ಸ್ಪಷ್ಟವಾಗಿ ಹೇಳಿಕೊಳ್ಳಿ. ಕರಡಿಗಳು ಹೆಚ್ಚು ಚುರುಕಾಗುವುದೇ ಕೊನೆಯ ಆ ಒಂದು ಗಂಟೆಯಲ್ಲಿ, ಬಿಸಿಲು ಇಳಿದ ಮೇಲೆ.

ಅಂದಹಾಗೆ, ನನ್ನ ಚಿಕ್ಕಂದಿನಲ್ಲಿ ಮಹಾಲಿಂಗಪುರದ ಸಂತೆಗೆ ಕರಡಿ ಆಡಿಸುವ ಖಲಂದರರು ಬರುತ್ತಿದ್ದರು. ಮೂಗಿಗೆ ಹಗ್ಗ ಪೋಣಿಸಿದ ಕರಡಿ, ಡಮರು, ಮಕ್ಕಳಿಗೆ ತಾಯಿತದಲ್ಲಿ ಕಟ್ಟಲು ಒಂದು ಕೂದಲು. ಆಗಲೂ ಜನ ಬೆಲ್ಲವನ್ನೇ ಕೊಡುತ್ತಿದ್ದರು. ಆ ಪದ್ಧತಿ ಈಗಿಲ್ಲ. ಹಾಗೆ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯವಾಯಿತು. ಹಗ್ಗವಿಲ್ಲದ ಕರಡಿ ತನಗೆ ಬೇಕೆನಿಸಿದಾಗ ಬಂದು ಬೇಡವೆನಿಸಿದಾಗ ಹೋಗುವುದನ್ನು ನೂರಾರು ಮಕ್ಕಳು ಇಲ್ಲಿ ನೋಡುತ್ತಾರೆ ಎಂಬ ಒಂದೇ ಕಾರಣಕ್ಕೆ ಈ ಬೆಲ್ಲದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯುತ್ತದೆ. ಬೆಲ್ಲವಿಲ್ಲದೆ ಕಾಡುಕರಡಿ ನೋಡಬೇಕು ಎನ್ನುವ ಶುದ್ಧಿವಾದಿಗಳಿಗೆ ಕೂಡ್ಲಿಗಿ ಕಡೆಯ ಗುಡೇಕೋಟೆ ಇದೆ, ಅದನ್ನು 2013ರಲ್ಲಿ ಕರಡಿಧಾಮ ಮಾಡಿದರು. ಬಂಡೆಗಳ ಚೆಲುವಿಗೆ ಅದು ದರೋಜಿಗೇನೂ ಕಡಿಮೆಯಿಲ್ಲ.

ಅಂಕಗಳು. ಕರಡಿ ಕಾಣುವ ಭರವಸೆಗೆ ಐದು. ಬಳಿಯುವ ರೀತಿಗೆ, ಅಂದರೆ ತೆಳು, ಹಂಚಿಕೆ, ಮಧ್ಯಾಹ್ನದ ಹೊತ್ತು ಇವುಗಳಿಗೆ ನಾಲ್ಕೂವರೆ. ಅರ್ಧ ಮುಂಗುಸಿಯ ಪಾಲು. ಕರಡಿ ತನ್ನ ಹುತ್ತವನ್ನು ಮರೆಯದಿರುವುದಕ್ಕೆ ನಾಲ್ಕು. ಸುತ್ತಲಿನ ಹೊಲಗಳಿಗೆ ಆದ ಲಾಭಕ್ಕೆ ಒಂದು, ಅದೂ ಬಾಳೆ ತೋಟದವರು ಕೊಟ್ಟ ಚಹಾದ ಮುಲಾಜಿಗೆ. ಗೋಪುರದಲ್ಲಿ ಕುಳಿತ ಪ್ರೇಕ್ಷಕರಿಗೆ ಸೊನ್ನೆ.

ಹೋಗುವವರಿಗೆ: ಬರಿಗಣ್ಣನ್ನು ನಂಬಬೇಡಿ. ಗುಡ್ಡ ಎದುರಿಗಿದ್ದರೂ ಕರಡಿ ಕಪ್ಪು ಚುಕ್ಕೆಯಾಗಿಯೇ ಉಳಿಯುತ್ತದೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಸಾಕು, ಅದಕ್ಕಿಂತ ಹೆಚ್ಚಿನದು ಕೈ ನಡುಗಿದರೆ ವ್ಯರ್ಥ. ನೀರು ಒಯ್ಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಸೀಮೆಯ ಬಿಸಿಲು ಗೋಪುರದ ನೆರಳಿನಲ್ಲೂ ಬಿಡುವುದಿಲ್ಲ. ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಆದರೆ ಮರಿ ಹೊತ್ತ ತಾಯಿಯನ್ನು ನೋಡಬೇಕೆಂಬ ಆಸೆಯಿದ್ದರೆ ಡಿಸೆಂಬರ್, ಜನವರಿಯಲ್ಲಿ ಅವಸರಪಡಬೇಡಿ, ಆಗ ತಾಯಂದಿರು ಗವಿಯೊಳಗೆ ಹಾಲೂಡಿಸುತ್ತಿರುತ್ತವೆ. ಮರಿಗಳಿಗೆ ಎರಡು ಮೂರು ತಿಂಗಳು ತುಂಬಿ ಬೆನ್ನೇರುವ ಹೊತ್ತಿಗೆ, ಫೆಬ್ರವರಿ ಕಳೆದು ಮಾರ್ಚಿನಲ್ಲಿ ಹೋಗಿ. ಮಧ್ಯಾಹ್ನ ಬಾಗಿಲು ತೆರೆದ ಕೂಡಲೇ ಒಳಗೆ ಹೋದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ.